ನಿಮ್ಮ ತಾರಸಿಯ ಪೈಪ್ ಎಲ್ಲಿಗೆ ಹೋಗುತ್ತದೆ? ಬೆಂಗಳೂರಿನ ಮನೆಗಳಿಗೆ ಮಳೆನೀರು ಕೊಯ್ಲಿನ ನಿಯಮ, ಹಂತ ಹಂತವಾಗಿ

ಒಂದು ಬಕೆಟ್ ನೀರಿಗೆ ಒಂದು ಹಿಡಿ ಅರಿಶಿನ, ಒಂದು ಚಮಚ ಸುಣ್ಣ ಹಾಕಿ ಕಲಸಿ. ಆರತಿಗೆ ಮಾಡುತ್ತೀವಲ್ಲ, ಅದೇ ಓಕುಳಿ. ಪ್ರಮಾಣ ಮಾತ್ರ ಜಾಸ್ತಿ. ಅದನ್ನು ತಾರಸಿಗೆ ಹೊತ್ತುಕೊಂಡು ಹೋಗಿ, ಮಳೆನೀರು ಇಳಿಯುವ ತೂತಿಗೆ ಸುರಿಯಿರಿ. ಕೆಳಗೆ ಮನೆಯವರನ್ನು ಒಬ್ಬರನ್ನು ನಿಲ್ಲಿಸಿ. ಕೆಂಪು ನೀರು ಎಲ್ಲಿ ಬರುತ್ತದೆ ಅಂತ ಅವರು ನೋಡಬೇಕು. ರಸ್ತೆ ಬದಿಯ ಮೋರಿಯಲ್ಲಾ? ಗಿಡದ ಪಾತಿಯಲ್ಲಾ? ಸಂಪಿನಲ್ಲಾ? ಅಥವಾ ಗೇಟಿನ ಹತ್ತಿರದ ಯುಜಿಡಿ (ಒಳಚರಂಡಿ) ಚೇಂಬರಿನಲ್ಲಾ?

ನಮ್ಮ ಮನೆಯಲ್ಲಿ ಬಂದದ್ದು ಯುಜಿಡಿ ಚೇಂಬರಿನಲ್ಲಿ. ಹದಿನೈದು ವರ್ಷದಿಂದ ಆ ಪೈಪ್ ಮೋರಿಗೆ ಹೋಗುತ್ತದೆ ಅಂತಲೇ ನಂಬಿದ್ದೆವು. ಮನೆ ಕಟ್ಟುವಾಗ ಪ್ಲಂಬರ್ ಸುಲಭದ ದಾರಿ ಹಿಡಿದಿದ್ದರು. ಬಚ್ಚಲ ಪೈಪ್ ಪಕ್ಕದಲ್ಲೇ ಇತ್ತು, ಅದಕ್ಕೇ ಒಂದು 'ಟೀ' ಹಾಕಿ ಸೇರಿಸಿಬಿಟ್ಟಿದ್ದರು. ಜೋರು ಮಳೆ ಬಂದಾಗಲೆಲ್ಲಾ ನಮ್ಮ ಬೀದಿಯ ಮ್ಯಾನ್‌ಹೋಲ್ ಉಕ್ಕುತ್ತಿತ್ತು. ನಾವೂ ಬೈಯುವವರ ಜೊತೆ ಸೇರಿ ಬೈಯುತ್ತಿದ್ದೆವು. ಅದರಲ್ಲಿ ನಮ್ಮ ತಾರಸಿಯ ಪಾಲೂ ಇತ್ತು ಅಂತ ಓಕುಳಿ ಸುರಿದ ಮೇಲೆ ಗೊತ್ತಾಯಿತು. ಅಮ್ಮನಿಗೆ ಮಾತ್ರ ಒಂದು ಹಿಡಿ ಅರಿಶಿನ ದಂಡವಾಯಿತಲ್ಲ ಅನ್ನೋದೇ ಬೇಸರ.

ಮಳೆನೀರು ಕೊಯ್ಲಿನ ನಿಯಮ ಅಂದ ತಕ್ಷಣ ಜನ ಫಿಲ್ಟರ್ ಯಾವುದು, ಖರ್ಚು ಎಷ್ಟು ಅಂತ ಶುರು ಮಾಡುತ್ತಾರೆ. ನನ್ನ ಪ್ರಕಾರ ಮೊದಲ ಹಂತ ಈ ಓಕುಳಿ ಬಕೆಟ್. ಪೈಪ್ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿಲ್ಲದೆ ಉಳಿದದ್ದೆಲ್ಲಾ ಮಾಡಿದರೆ ದುಡ್ಡು ಹೋಗುತ್ತದೆ, ನೀರೂ ಹೋಗುತ್ತದೆ. ನೀರು ಯುಜಿಡಿಗೆ ಹೋಗುತ್ತಿದೆ ಅಂತ ತಿಳಿದರೆ ಮೊದಲು ಅದನ್ನು ಬಿಡಿಸಿ. ಮಳೆನೀರನ್ನು ಒಳಚರಂಡಿಗೆ ಬಿಡುವ ಹಾಗೇ ಇಲ್ಲ. ಕೊಯ್ಲು ಮಾಡಲಿ, ಬಿಡಲಿ, ಈ ಮಾತು ಎಲ್ಲ ಮನೆಗೂ ಒಂದೇ.

ನಿಯಮ ನಿಮಗೆ ಅನ್ವಯಿಸುತ್ತದಾ?

2009ರಲ್ಲಿ, ಊರಿನ ನೀರು, ಒಳಚರಂಡಿ ನೋಡಿಕೊಳ್ಳುವ ಬೆಂಗಳೂರು ಜಲಮಂಡಳಿಯ 1964ರ ಕಾಯ್ದೆಗೆ 72ಎ ಅನ್ನುವ ಕಲಂ ಸೇರಿತು. ಬೆಂಗಳೂರಿನ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾದದ್ದು ಅದರಿಂದ. ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಆದರೆ ಈ ಕಲಂ ಪಾಲಿಕೆಯದ್ದಲ್ಲ, ಜಲಮಂಡಳಿಯದ್ದು. ಅದು ಹಾಗೇ ಇದೆ.

ಲೆಕ್ಕ ಸರಳ. ಹಳೇ ಮನೆಯಾದರೆ 2,400 ಚದರಡಿ ಅಥವಾ ಅದಕ್ಕಿಂತ ದೊಡ್ಡ ಸೈಟಿನಲ್ಲಿದ್ದರೆ ಕಡ್ಡಾಯ. ಅಂದರೆ ನಲವತ್ತು ಅರವತ್ತು ಸೈಟು. ಹೊಸದಾಗಿ ಕಟ್ಟುವ ಮನೆಯಾದರೆ 1,200 ಚದರಡಿಗೇ ಕಡ್ಡಾಯ. ಅಂದರೆ ಮೂವತ್ತು ನಲವತ್ತು ಸೈಟು.

ಇಲ್ಲಿ ಜಾಸ್ತಿ ಜನ ತಪ್ಪು ತಿಳಿಯುವುದು ಒಂದು ಕಡೆ. ಈ 2,400 ಅನ್ನೋದು ಸೈಟಿನ ಅಳತೆ, ಕಟ್ಟಡದ್ದಲ್ಲ. ಹಳೇ ಮೂವತ್ತು ನಲವತ್ತರಲ್ಲಿ ಮೂರು ಮಹಡಿ ಕಟ್ಟಿ ಒಟ್ಟು 2,500 ಚದರಡಿ ಆದರೂ ಸೈಟು 1,200 ಚದರಡಿಯೇ. ಅದೇ ಹಳೇ ಮನೆ ಕೆಡವಿ ಹೊಸದು ಕಟ್ಟಿದಿರೋ, ಆಗ ಅದು ಹೊಸ ಮನೆ. ಅಪಾರ್ಟ್‌ಮೆಂಟಿನವರು ತಮ್ಮ ಫ್ಲ್ಯಾಟಿನ ಅಳತೆ ಹಿಡಿದು ನಾವು ಪಾರು ಅಂದುಕೊಳ್ಳುವುದೂ ಉಂಟು. ಅಲ್ಲಿಯೂ ಇಡೀ ಸಮುಚ್ಚಯದ ಜಾಗವೇ ಲೆಕ್ಕಕ್ಕೆ ಬರುವುದು.

ಇನ್ನೊಂದು ಮಾತು ಬಾಡಿಗೆಯವರಿಗೆ. ಕಾಯ್ದೆ ಬರೀ ಮಾಲೀಕರ ಮೇಲೆ ಹೊಣೆ ಹಾಕುವುದಿಲ್ಲ, ವಾಸವಿರುವವರನ್ನೂ ಹೇಳುತ್ತದೆ. ವ್ಯವಸ್ಥೆ ಮಾಡದಿದ್ದರೆ ದಂಡ ನೀರಿನ ಬಿಲ್ಲಿನಲ್ಲೇ ಸೇರಿಕೊಂಡು ಬರುತ್ತದೆ. ಅದು ನೀರಿನ ಮೊತ್ತದ ಇಷ್ಟು ಪಾಲು ಅಂತ ಲೆಕ್ಕ. ಮೊದಲ ಮೂರು ತಿಂಗಳು ಒಂದು ದರ, ಆಮೇಲೆ ಅದಕ್ಕಿಂತ ಜಾಸ್ತಿ. ಅಂಗಡಿ, ಹೋಟೆಲ್, ಕಚೇರಿಗಳಿಗೆ ಮನೆಗಿಂತ ಹೆಚ್ಚು. ಒಂದು ಸಲ ಕಟ್ಟಿದರೆ ಮುಗಿಯುವ ದಂಡ ಅಲ್ಲ ಇದು, ವ್ಯವಸ್ಥೆ ಮಾಡುವವರೆಗೂ ತಿಂಗಳು ತಿಂಗಳು ಬರುತ್ತಲೇ ಇರುತ್ತದೆ. ಹಾಗಾಗಿ ನೀರಿನ ಬಿಲ್ ನೀವೇ ಕಟ್ಟುವ ಬಾಡಿಗೆ ಮನೆಯಾದರೆ, ಬಿಲ್ಲನ್ನು ಒಂದು ಸಲ ಸಾಲು ಸಾಲಾಗಿ ಓದಿ. ದಂಡದ ಸಾಲು ಇದ್ದರೆ ಓನರ್ ಹತ್ತಿರ ಮಾತಾಡಿ. ಪೈಪ್ ಹಾಕಿಸುವುದು ಅವರ ಕೆಲಸ, ಅಲ್ವಾ?

ಹೊಸ ಮನೆಯವರು ಬಿಲ್ ಬರುವವರೆಗೂ ಕಾಯುವ ಹಾಗಿಲ್ಲ. ಕಾವೇರಿ ಸಂಪರ್ಕಕ್ಕೆ ಅರ್ಜಿ ಹಾಕುವಾಗಲೇ ಮಳೆನೀರು ಕೊಯ್ಲು ಮಾಡಿದ್ದೀರಾ ಅಂತ ಕೇಳುತ್ತಾರೆ.

ಎಷ್ಟು ಲೀಟರ್ ಹಿಡಿಯಬೇಕು?

2009ರ ನಿಯಮಾವಳಿಯಲ್ಲಿ ತಾರಸಿಯ ಪ್ರತಿ ಚದರ ಮೀಟರಿಗೆ 20 ಲೀಟರ್, ಮನೆ ಸುತ್ತ ಸಿಮೆಂಟು ಅಥವಾ ಟೈಲ್ಸ್ ಹಾಕಿದ ಜಾಗದ ಪ್ರತಿ ಚದರ ಮೀಟರಿಗೆ 10 ಲೀಟರ್ ಅಂತ ಇತ್ತು. ಆಮೇಲೆ ಅದನ್ನು ಏರಿಸಿ 60 ಮತ್ತು 30 ಲೀಟರ್ ಮಾಡಿದರು. ಹಳೇ 20–10ರ ಲೆಕ್ಕ ಹೇಳುವ ಮೇಸ್ತ್ರಿಗಳು ಈಗಲೂ ಸಿಗುತ್ತಾರೆ. ಅದನ್ನು ನಂಬಿ ಚಿಕ್ಕ ಗುಂಡಿ ತೋಡಿಸಬೇಡಿ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇದೊಂದು ನೆನಪಿದ್ದರೆ ಸಾಕು. 60 ಲೀಟರ್ ಅಂದರೆ 60 ಮಿ.ಮೀ. ಮಳೆ ಒಂದೇ ಸಲ ಸುರಿದರೂ ಹಿಡಿಯುವಷ್ಟು ಜಾಗ ಇರಬೇಕು ಅಂತ. ಬೆಂಗಳೂರಿನಲ್ಲಿ ಅಂಥ ಮಳೆ ವರ್ಷಕ್ಕೆ ಕೆಲವೇ ದಿನ.

ಮೂವತ್ತು ನಲವತ್ತು ಸೈಟಿನ ಮನೆ ತಗೊಳ್ಳಿ. ತಾರಸಿ 800 ಚದರಡಿ ಅಂದುಕೊಳ್ಳೋಣ. ಚದರಡಿಯನ್ನು 10.76ರಿಂದ ಭಾಗಿಸಿದರೆ ಚದರ ಮೀಟರ್. ಇಲ್ಲಿ ಸುಮಾರು 74. ಅದನ್ನು 60ರಿಂದ ಗುಣಿಸಿದರೆ 4,440 ಲೀಟರ್. ಮುಂದೆ ಕಾರು ನಿಲ್ಲಿಸುವ ಜಾಗ 20 ಚದರ ಮೀಟರ್ ಇದ್ದರೆ ಇನ್ನೊಂದು 600 ಲೀಟರ್. ಒಟ್ಟು ಸುಮಾರು 5,000 ಲೀಟರ್. ಒಂದು ಸಾಧಾರಣ ನೀರಿನ ಟ್ಯಾಂಕರ್ ಹೊತ್ತು ತರುವಷ್ಟು.

ವರ್ಷಕ್ಕೆ ಎಷ್ಟು ಸಿಗುತ್ತದೆ? ಬೆಂಗಳೂರಿನಲ್ಲಿ ಸರಾಸರಿ 970 ಮಿ.ಮೀ. ಹತ್ತಿರ ಮಳೆ. ಆವಿಯಾಗಿದ್ದು, ಚೆಲ್ಲಿದ್ದು, ಮೊದಲ ಮಳೆಗೆ ಬಿಟ್ಟಿದ್ದು ಕಳೆದರೂ ಅದೇ 74 ಚದರ ಮೀಟರ್ ತಾರಸಿಯಿಂದ 60,000 ಲೀಟರ್ ಸಿಗುತ್ತದೆ. 2024 ನೆನಪಿದೆಯಲ್ಲ? ಮಾರ್ಚ್‌ನಲ್ಲಿ ಊರಿಗೆ ಊರೇ ಟ್ಯಾಂಕರ್ ಹಿಂದೆ ಓಡುತ್ತಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಅದೇ ವರ್ಷ ಜೂನ್ 2ರಂದು ಒಂದೇ ದಿನ 111 ಮಿ.ಮೀ. ಮಳೆ ಸುರಿದು, ಜೂನ್ ತಿಂಗಳ 133 ವರ್ಷದ ದಾಖಲೆ ಮುರಿಯಿತು. ಆ ಒಂದು ದಿನ ನಮ್ಮ ಲೆಕ್ಕದ ತಾರಸಿ ಮೇಲೆ ಬಿದ್ದದ್ದು 8,000 ಲೀಟರಿಗಿಂತ ಜಾಸ್ತಿ.

ಸಂಪಿಗಾ, ಭೂಮಿಗಾ?

ನೀರನ್ನು ಶೇಖರಿಸಬಹುದು, ಭೂಮಿಗೆ ಇಂಗಿಸಬಹುದು, ಎರಡೂ ಮಾಡಬಹುದು. ನಿಯಮ ಯಾವುದನ್ನೂ ಬೇಡ ಅನ್ನುವುದಿಲ್ಲ.

ಸಂಪ್ ಇದ್ದು, ತಾರಸಿ ಶುಚಿಯಾಗಿದ್ದರೆ ನನ್ನ ಓಟು ಮೊದಲು ಸಂಪಿಗೆ, ಉಕ್ಕಿದ್ದು ಇಂಗುಬಾವಿಗೆ. ಬರೀ ಇಂಗಿಸುವುದಕ್ಕಿಂತ ಇದು ಮನೆಯವರಿಗೆ ರುಚಿಸುತ್ತದೆ. ಯಾಕೆಂದರೆ ಲಾಭ ಕಣ್ಣಿಗೆ ಕಾಣುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಬಳಸಿದವರಿಗೆ ಗೊತ್ತು, ಬೇಳೆ ಎಷ್ಟು ಹೊತ್ತಾದರೂ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಗೀಸರಿನ ಒಳಗೆಲ್ಲಾ ಬಿಳಿ ಪೊರೆ. ಮಳೆನೀರು ಮೆತ್ತಗಿನ ನೀರು, ಬೇಳೆ ಬೆಣ್ಣೆ ಹಾಗೆ ಬೇಯುತ್ತದೆ.

ಆದರೆ ಸಂಪಿಗೆ ಒಂದು ತೊಡಕಿದೆ. ನಿಯಮದ ಕಾಗದದಲ್ಲಿ ಇದು ಎಲ್ಲೂ ಕಾಣುವುದಿಲ್ಲ. ನಿಮ್ಮ ಸಂಪ್ 6,000 ಲೀಟರಿನದು ಅಂತ ಇಟ್ಟುಕೊಳ್ಳಿ. ಕಾಗದದ ಮೇಲೆ ಅಳತೆ ಸರಿಹೋಯಿತು. ಬೆಳಿಗ್ಗೆ ಕಾವೇರಿ ಬಂದು ಸಂಪ್ ತುಂಬಿದೆ. ಸಂಜೆ ನಾಲ್ಕಕ್ಕೆ ಮಳೆ. ಎಲ್ಲಿಗೆ ಹೋಗಬೇಕು ಆ ನೀರು? ಪೂರ್ತಿ ಹೊರಗೆ. ನಾವು ಮೊದಲ ವರ್ಷ ಹೀಗೇ ಮಾಡಿ, ತುಂಬಿದ ಸಂಪಿನ ಮೇಲೆ ಮಳೆ ಸುರಿಸಿಕೊಂಡು ಕೂತೆವು. ಈಗ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಕಾವೇರಿ ವಾಲ್ವ್ ಅರ್ಧಕ್ಕೆ ನಿಲ್ಲಿಸುತ್ತೇವೆ. ಒಂದು ಬಿದಿರು ಕೋಲಿಗೆ ಗುರುತು ಮಾಡಿ ಸಂಪಿನ ಪಕ್ಕ ಇಟ್ಟಿದ್ದೇವೆ. ನೀರು ಆ ಗುರುತಿಗೆ ಬಂದರೆ ವಾಲ್ವ್ ಬಂದ್. ಮೋಡ ಕಟ್ಟಿದರೆ ಮೋಟರ್ ಹಾಕಿ ಮೇಲಿನ ಟ್ಯಾಂಕ್ ತುಂಬಿಸಿ ಸಂಪಿನಲ್ಲಿ ಜಾಗ ಮಾಡುತ್ತೇವೆ. ಜಾಗ, ದುಡ್ಡು ಎರಡೂ ಇದ್ದವರು ಮಳೆನೀರಿಗೇ ಬೇರೆ ಟ್ಯಾಂಕ್ ಇಡಬಹುದು. ಅದು ಎಲ್ಲಕ್ಕಿಂತ ಒಳ್ಳೆಯದು.

ಕಾವೇರಿ ಪೈಪಿಗೂ ಮಳೆ ಪೈಪಿಗೂ ನೇರ ಜೋಡಣೆ ಎಲ್ಲೂ ಬೇಡ. ಎರಡೂ ಸಂಪಿನ ಮೇಲಿಂದ, ಬೇರೆ ಬೇರೆ ಬಾಯಿಂದ ಬೀಳಲಿ. ನೀರಿನ ಮಟ್ಟ ಎಷ್ಟು ಏರಿದರೂ ಕಾವೇರಿ ಪೈಪಿನ ಬಾಯಿ ಮುಳುಗಬಾರದು. ಮುಳುಗಿದರೆ, ಲೈನಿನಲ್ಲಿ ಒತ್ತಡ ಇಳಿದಾಗ ಸಂಪಿನ ನೀರು ವಾಪಸ್ ಎಳೆದುಕೊಂಡು ಹೋಗಬಹುದು.

ತಾರಸಿಯಿಂದ ಶುರು

ತಾರಸಿಗೆ ವಾಟ ಸರಿಯಿದೆಯಾ ನೋಡಿ. ಒಂದು ಜೋರು ಮಳೆ ನಿಂತ ಮೇಲೆ ಹತ್ತಿ ನೋಡಿದರೆ ಎಲ್ಲಿ ನೀರು ನಿಂತಿದೆ ಗೊತ್ತಾಗುತ್ತದೆ. 800 ಚದರಡಿ ತಾರಸಿಗೆ ನಾಲ್ಕಿಂಚಿನ ಎರಡು ಪೈಪ್ ಇದ್ದರೆ ನಿಶ್ಚಿಂತೆ. ಹಳೇ ಮನೆಗಳಲ್ಲಿ ನಾಲ್ಕು ಮೂಲೆಗೂ ಒಂದೊಂದು ತೂತು ಬಿಟ್ಟು ನೀರು ಸುಮ್ನೆ ಹೊರಗೆ ಚಿಮ್ಮುವ ಹಾಗೆ ಮಾಡಿರುತ್ತಾರೆ. ಅಂಥ ಕಡೆ ಎಲ್ಲ ಬಾಯಿಗಳನ್ನೂ ಗೋಡೆಯ ಹೊರಗಿನಿಂದ ಅಡ್ಡ ಪೈಪ್ ಹಾಕಿ ಒಂದು ಕಡೆಗೆ ತರಬೇಕಾಗುತ್ತದೆ. ಅಡ್ಡ ಪೈಪಿಗೂ ವಾಟ ಬೇಕು. ಇಲ್ಲದಿದ್ದರೆ ಅದರೊಳಗೆ ನೀರು ನಿಂತು ಸೊಳ್ಳೆ. ಶೀಟ್ ಮನೆಯಾದರೆ ಸೂರಿನ ಉದ್ದಕ್ಕೂ ದೋಣಿ ಕೂರಿಸಿದರೆ ಆಯಿತು.

ಈಗ ತಾರಸಿಯಲ್ಲಿ ಏನೇನು ನಡೆಯುತ್ತದೆ ಅಂತ ಯೋಚಿಸಿ. ಬಟ್ಟೆ ಒಗೆಯುವ ಕಲ್ಲು ಮೇಲಿದೆಯಾ? ಸೋಪಿನ ನೀರೂ ಅದೇ ತೂತಿಗೇ ಇಳಿಯುತ್ತದೆ. ಅದಕ್ಕೆ ಬೇರೆ ಪೈಪ್ ಮಾಡಿ, ಸುತ್ತ ಎರಡಿಂಚು ಕಟ್ಟೆ ಕಟ್ಟಿಸಿ. ನಾಯಿ ಇದೆಯಾ? ಪಾರಿವಾಳಕ್ಕೆ ಕಾಳು ಹಾಕುವ ಅಭ್ಯಾಸ ಇದೆಯಾ? ಹಾಗಿದ್ದರೆ ಆ ನೀರು ಸಂಪಿಗೆ ಬೇಡ, ಇಂಗುಬಾವಿಗೇ ಬಿಡಿ. ಹೂಕುಂಡಗಳಿದ್ದರೆ ಪರವಾಗಿಲ್ಲ, ಇಟ್ಟಿಗೆ ಮೇಲೆ ಎತ್ತಿಡಿ, ಮಣ್ಣು ಕೊಚ್ಚಿಕೊಂಡು ಹೋಗದ ಹಾಗೆ.

ಪ್ರತಿ ತೂತಿನ ಬಾಯಿಗೆ ಒಂದು ಜಾಲರಿ. ಇದು ಇಡೀ ವ್ಯವಸ್ಥೆಯಲ್ಲೇ ಅಗ್ಗದ ಸಾಮಾನು. ಅತಿ ಹೆಚ್ಚು ಉಪಯೋಗಕ್ಕೆ ಬರುವುದೂ ಅದೇ. ಚಪ್ಪಟೆ ಜಾಲರಿ ಹಾಕಿದರೆ ಎರಡು ಎಲೆ ಬಿದ್ದರೂ ಮುಚ್ಚಿಹೋಗುತ್ತದೆ. ಬುಟ್ಟಿ ಬೋರಲು ಹಾಕಿದ ಹಾಗೆ ಮೇಲಕ್ಕೆ ಉಬ್ಬಿರುವುದನ್ನೇ ತನ್ನಿ.

ಮೊದಲ ಮಳೆ ಮತ್ತು ಫಿಲ್ಟರ್

ಬೇಸಿಗೆಯ ಧೂಳು, ಹಕ್ಕಿ ಹಿಕ್ಕೆ, ಹೊಗೆಯ ಮಸಿ ಎಲ್ಲಾ ಮೊದಲ ಮಳೆಗೆ ತೊಳೆದು ಹೋಗುತ್ತದೆ. ಆ ನೀರು ಸಂಪಿಗೆ ಬೇಡ. ಇದಕ್ಕೆ ಅಂಗಡಿಯಲ್ಲಿ ಒಂದು ಪೈಪ್ ತುಂಡು ಕೊಡುತ್ತಾರೆ. ಮೊದಲ ನೀರು ಅದರಲ್ಲಿ ತುಂಬಿ, ಆಮೇಲಿನದು ಮುಂದೆ ಹೋಗುತ್ತದೆ ಅನ್ನುವ ಲೆಕ್ಕ. ಉಪಾಯ ಒಳ್ಳೆಯದೇ, ಅಳತೆ ಮಾತ್ರ ಸುಳ್ಳು. 74 ಚದರ ಮೀಟರ್ ತಾರಸಿಯ ಮೊದಲ ಒಂದು ಮಿ.ಮೀ. ಮಳೆ ಅಂದರೆ 74 ಲೀಟರ್. ಎರಡಡಿಯ ನಾಲ್ಕಿಂಚು ಪೈಪಿನಲ್ಲಿ ಹಿಡಿಯುವುದು ಸುಮಾರು 5 ಲೀಟರ್. ನಮಗೆ ಕೂರಿಸಿ ಕೊಟ್ಟದ್ದೂ ಅದೇ. ಮೊದಲ ಮಳೆಗೆ ಸಂಪಿನ ಮುಚ್ಚಳ ತೆಗೆದರೆ ಚಹಾ ಬಣ್ಣದ ನೀರು, ಮೇಲೆ ಬೇವಿನ ಹೂವು ತೇಲುತ್ತಿದ್ದವು. ಇಡೀ ಸಂಪ್ ಖಾಲಿ ಮಾಡಿ ತೊಳೆಯಬೇಕಾಯಿತು.

ಈಗ ಪೈಪಿನ ಬುಡದಲ್ಲಿ ಒಂದು ದೊಡ್ಡ ವಾಲ್ವ್ ಇದೆ, ಅಷ್ಟೇ. ಬೇಸಿಗೆಯಿಡೀ ಅದು ತೆರೆದೇ ಇರುತ್ತದೆ. ನೀರು ಗಿಡದ ಪಾತಿಗೆ ಹೋಗುತ್ತದೆ. ಏಪ್ರಿಲ್ ಕೊನೆಗೆ ಭರಣಿ ಮಳೆ ಒಂದೆರಡು ಸಲ ಚೆನ್ನಾಗಿ ಸುರಿದು ತಾರಸಿ ತೊಳೆದ ಮೇಲೆ ವಾಲ್ವ್ ಮುಚ್ಚುತ್ತೇವೆ. ಆಮೇಲೆ ನೀರು ಫಿಲ್ಟರಿಗೆ ತಿರುಗುತ್ತದೆ. ಮಧ್ಯೆ ಹತ್ತು ಹದಿನೈದು ದಿನ ಮಳೆ ಇಲ್ಲದಿದ್ದರೆ ಮತ್ತೆ ತೆರೆಯುವುದು. ಮನೆಯಲ್ಲಿ ಒಬ್ಬರಿಗೆ ಇದರ ಜವಾಬ್ದಾರಿ ಇರಬೇಕು. ನೆನಪು ಇಟ್ಟುಕೊಳ್ಳುವವರು ಯಾರೂ ಇಲ್ಲದ ಮನೆಗೆ ಈ ವಾಲ್ವ್ ಸರಿಹೋಗುವುದಿಲ್ಲ, ಅವರು 100 ಲೀಟರಿನ ಡ್ರಮ್ ಇಡುವುದು ವಾಸಿ.

ಫಿಲ್ಟರಿನ ವಿಷಯಕ್ಕೆ ಬಂದರೆ ಎರಡು ದಾರಿ. ಒಂದು, 200 ಲೀಟರಿನ ಡ್ರಮ್ಮಿನಲ್ಲಿ ಕೆಳಗೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಇದ್ದಿಲು, ಮರಳು, ನಡುವೆ ನೈಲಾನ್ ಬಲೆ. ಅಗ್ಗ, ಮನೆಯಲ್ಲೇ ಮಾಡಬಹುದು. ನಮ್ಮ ಊರಿನ ಮಳೆ ಮಾತ್ರ ಜಿಟಿಜಿಟಿ ಮಳೆಯಲ್ಲ, ಅರ್ಧ ಗಂಟೆಯಲ್ಲಿ ಕೊಡ ಬೋರಲು ಹಾಕಿದ ಹಾಗೆ. ಮರಳಿನ ಫಿಲ್ಟರ್ ಅಷ್ಟು ವೇಗಕ್ಕೆ ಕುಡಿಯಲಾರದೆ ಉಕ್ಕುತ್ತದೆ. ಇನ್ನೊಂದು, ಗೋಡೆಗೆ ಕೂರಿಸುವ ಸಿದ್ಧ ಫಿಲ್ಟರ್. ಅದರಲ್ಲಿ 'ಪಾಪ್‌ಅಪ್' ಅನ್ನುವ ಬಗೆ ನಮ್ಮಲ್ಲೇ ಹುಟ್ಟಿದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದ ಎ.ಆರ್. ಶಿವಕುಮಾರ್ ಅದನ್ನು ರೂಪಿಸಿದರು. ಕಸ ಕಟ್ಟಿಕೊಂಡರೆ ಒಳಗಿನ ಭಾಗ ತಾನೇ ಮೇಲೆದ್ದು ನೀರಿಗೆ ದಾರಿ ಬಿಡುತ್ತದೆ, ತಾರಸಿಯಲ್ಲಿ ನೀರು ನಿಲ್ಲುವುದಿಲ್ಲ. ವಿಜಯನಗರದ ತಮ್ಮ ಮನೆಯಲ್ಲಿ ಅವರು 1995ರಿಂದ ಕಾವೇರಿ ಸಂಪರ್ಕವೇ ಇಲ್ಲದೆ ಮಳೆನೀರಿನಲ್ಲೇ ಸಂಸಾರ ಮಾಡಿದವರು.

ಯಾವುದು ಬೇಕು ಅಂತ ತೀರ್ಮಾನಿಸುವ ಮೊದಲು ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಜಯನಗರಕ್ಕೆ ಹೋಗಿ ಬನ್ನಿ. ಅಲ್ಲಿ ಜಲಮಂಡಳಿಯದೇ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರ ಇದೆ. ಬೇರೆ ಬೇರೆ ಮಾದರಿಗಳನ್ನು ಜೋಡಿಸಿಯೇ ಇಟ್ಟಿದ್ದಾರೆ, ಕೈಯಿಂದ ಮುಟ್ಟಿ ನೋಡಬಹುದು. ಅಂಗಡಿಯವರ ಮಾತು ಕೇಳುವ ಮೊದಲು ಇದನ್ನು ನೋಡಿದರೆ ಬೇಡದ್ದು ಕೊಳ್ಳುವುದು ತಪ್ಪುತ್ತದೆ.

ಇಂಗುಬಾವಿ

ನೆಲ ನೀರು ಕುಡಿಯುತ್ತದಾ ಅಂತ ಮೊದಲು ನೋಡಬೇಕು. ಒಂದಡಿ ಅಗಲ, ಎರಡಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಮೊದಲ ಸಲದ್ದು ಲೆಕ್ಕಕ್ಕಿಲ್ಲ, ಒಣ ಮಣ್ಣು ಕುಡಿದುಬಿಡುತ್ತದೆ. ಎರಡನೇ ಸಲ ತುಂಬಿಸಿ ಗಡಿಯಾರ ನೋಡಿ. ಮರುದಿನ ಬೆಳಿಗ್ಗೆಯೂ ನೀರು ಹಾಗೇ ನಿಂತಿದ್ದರೆ ಜೇಡಿಮಣ್ಣು. ಮೇಲೆ ಜೇಡಿ ಇದ್ದರೂ ಹತ್ತಡಿ ಕೆಳಗೆ ನೀರು ಇಂಗುವ ಗರಸು ಮಣ್ಣು ಸಿಗುವುದುಂಟು, ಹಾಗಾಗಿ ಇಷ್ಟಕ್ಕೇ ಕೈಬಿಡಬೇಡಿ. ಹಳೇ ಕೆರೆ ಅಂಗಳದ ಮೇಲೆ ಎದ್ದ ಬಡಾವಣೆಯಾದರೆ, ಮಳೆಗಾಲದಲ್ಲಿ ನೆಲಮಾಳಿಗೆಗೇ ನೀರು ಜಿನುಗುವ ಜಾಗವಾದರೆ, ಇಂಗಿಸುವ ಉಸಾಬರಿ ಬೇಡ. ಅಲ್ಲಿ ಶೇಖರಣೆಯೇ ಸರಿ.

ಬೆಂಗಳೂರಿನಲ್ಲಿ ಸಾಮಾನ್ಯ ಅಳತೆ ಮೂರಡಿ ಅಗಲ, ಇಪ್ಪತ್ತಡಿ ಆಳ. ಇದರಲ್ಲಿ ಸುಮಾರು 4,000 ಲೀಟರ್ ನಿಲ್ಲುತ್ತದೆ. ನಮ್ಮ ಲೆಕ್ಕದ 5,000ದಲ್ಲಿ ದೊಡ್ಡ ಪಾಲು ಇದೊಂದರಲ್ಲೇ ಬಂತು. ಸಂಪಿನಲ್ಲಿ ಒಂದು ಸಾವಿರ ಲೀಟರಿನ ಜಾಗ ಬಿಟ್ಟರೆ ನಿಯಮ ಪೂರ್ತಿ. ತೋಡುವವರು ಮಣ್ಣು ವಡ್ಡರು, ತಲೆತಲಾಂತರದಿಂದ ಬಾವಿ ಕೆಲಸವೇ ಮಾಡುತ್ತಾ ಬಂದವರು. ಜೆಸಿಬಿ ನುಗ್ಗದ ಮೂರಡಿ ಸಂದಿಯಲ್ಲೂ ಇಬ್ಬರು ಮೂವರು ಸೇರಿ ಕೈಯಲ್ಲೇ ತೋಡುತ್ತಾರೆ. ನಮ್ಮಲ್ಲಿ ಕೆಲಸ ಮಾಡಿದ ಹಿರಿಯರು ಪ್ರತಿ ಬುಟ್ಟಿ ಮಣ್ಣು ಮೇಲೆ ಬಂದಾಗಲೂ ಒಂದು ಚೂರು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದರು. ಹದಿನಾಲ್ಕಡಿಗೆ ಬಂದಾಗ 'ಗರಸು ಸಿಕ್ತು ಸಾರ್, ಇನ್ನು ಚೆನ್ನಾಗಿ ಕುಡೀತದೆ' ಅಂದರು. ಅಂದಾಜು ತಪ್ಪಲಿಲ್ಲ. ತುಂಬಿದ ಬಾವಿ ಮರುದಿನ ಸಂಜೆಗೆ ಖಾಲಿ.

ಒಳಗೆ ಸಿಮೆಂಟ್ ರಿಂಗ್ ಇಳಿಸುತ್ತಾರೆ. ರಿಂಗಿನ ನಡುವಿನ ಸಂದಿಗೆ ಸಿಮೆಂಟ್ ಮೆತ್ತಬಾರದು, ನೀರು ಹೊರಗೆ ಹೋಗಬೇಕಾದ್ದೇ ಅಲ್ಲಿಂದ. ರಿಂಗಿಗೂ ಮಣ್ಣಿಗೂ ನಡುವೆ ಜಲ್ಲಿ ತುಂಬಿಸಿ. ತಳಕ್ಕೆ ಒಂದಡಿ ಜಲ್ಲಿ ಸಾಕು. ಇಡೀ ಬಾವಿಗೇ ಜಲ್ಲಿ ತುಂಬುವವರೂ ಇದ್ದಾರೆ. ಹಾಗೆ ಮಾಡಿದರೆ ನೀರಿಗೆ ಜಾಗ ಅರ್ಧಕ್ಕಿಂತ ಕಮ್ಮಿಯಾಗುತ್ತದೆ, ಮುಂದೆ ಹೂಳು ತೆಗೆಯಲೂ ಆಗುವುದಿಲ್ಲ. ಮೇಲೆ ಗಟ್ಟಿ ಮುಚ್ಚಳ, ಮಕ್ಕಳು ಎತ್ತಲಾಗದ ಭಾರದ್ದು. ಜಾಗ ಆರಿಸುವಾಗ ಪಾಯದಿಂದಲೂ ಯುಜಿಡಿ ಚೇಂಬರಿನಿಂದಲೂ ಆದಷ್ಟು ದೂರ ಇರಲಿ. ಮಳೆನೀರು ಬಿಟ್ಟು ಬೇರೆ ಯಾವ ನೀರೂ ಅದಕ್ಕೆ ಬೇಡ. ಕಾರು ತೊಳೆದ ನೀರಂತೂ ಬೇಡವೇ ಬೇಡ. ಕಾರಿನ ಜಾಗದ ಮಳೆನೀರನ್ನು ಬಿಡುವುದಾದರೆ ಮೊದಲು ಒಂದು ಚಿಕ್ಕ ಚೇಂಬರಿನಲ್ಲಿ ಹೂಳು ಕೂತು, ತಿಳಿ ಮಾತ್ರ ಮುಂದೆ ಹೋಗಲಿ.

ಬೋರ್‌ವೆಲ್ ಇದೆ, ಪೈಪನ್ನು ನೇರ ಅದಕ್ಕೇ ಬಿಟ್ಟರೆ ಆಯ್ತಲ್ಲ ಅಂತ ಕೇಳುತ್ತಾರೆ. ಬೇಡ. ಬಾವಿಯಲ್ಲಾದರೆ ನೀರು ಮಣ್ಣಿನಲ್ಲಿ ಸೋಸಿಕೊಂಡು ಇಳಿಯುತ್ತದೆ. ಬೋರಿನಲ್ಲಿ ಹಾಗಲ್ಲ, ತಾರಸಿಯ ಗಲೀಜು ನೇರ ನೂರಾರು ಅಡಿ ಕೆಳಗೆ. ಅದೇ ನೀರನ್ನು ನೀವೂ ನೆರೆಯವರೂ ಮೇಲೆತ್ತುತ್ತೀರಿ. ಬೋರಿನ ಹತ್ತಿರವೇ ಒಂದು ಇಂಗುಬಾವಿ ತೋಡಿಸಿದರೆ ಸಾಕು.

ದಾಖಲೆ ಇಟ್ಟುಕೊಳ್ಳಿ

ಬಾವಿ ಮುಚ್ಚಿದ ಮೇಲೆ ಅದರ ಆಳ ಯಾರಿಗೂ ಕಾಣುವುದಿಲ್ಲ. ಆದ್ದರಿಂದ ತೋಡುವಾಗಲೇ ಟೇಪ್ ಇಳಿಬಿಟ್ಟು ಫೋಟೋ ತೆಗೆಯಿರಿ. ರಿಂಗ್ ಇಳಿಸುವಾಗ, ಪೈಪ್ ಜೋಡಿಸುವಾಗ, ಫಿಲ್ಟರ್ ಕೂರಿಸಿದ ಮೇಲೆ ಒಂದೊಂದು. ಬಿಳಿ ಹಾಳೆಯಲ್ಲಿ ಒಂದು ನಕ್ಷೆ ಬರೆಯಿರಿ: ತಾರಸಿ ಎಷ್ಟು, ಪೈಪ್ ಎಲ್ಲಿಂದ ಎಲ್ಲಿಗೆ, ಸಂಪ್ ಎಷ್ಟು ಲೀಟರ್, ಬಾವಿ ಎಷ್ಟು ಅಡಿ. ಎಂಜಿನಿಯರ್ ಬರೆದ ಹಾಗೆ ಇರಬೇಕಿಲ್ಲ. ಬಿಲ್ಲಿನಲ್ಲಿ ದಂಡ ಬರುತ್ತಿದ್ದರೆ ಇವನ್ನು ಇಟ್ಟು, ಆರ್.ಆರ್. ನಂಬರ್ (ಬಿಲ್ಲಿನಲ್ಲಿರುವ ನಿಮ್ಮ ಸಂಪರ್ಕದ ಸಂಖ್ಯೆ) ಬರೆದು, ನಿಮ್ಮ ಭಾಗದ ಜಲಮಂಡಳಿ ಉಪವಿಭಾಗಕ್ಕೆ ಲಿಖಿತ ಅರ್ಜಿ ಕೊಡಿ. ಪರಿಶೀಲನೆಗೆ ಬರಲು ಕೇಳಿ. ಅರ್ಜಿಯ ಪ್ರತಿ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳುವುದು ಮರೆಯಬೇಡಿ. ಬಾಯಿಮಾತಿಗೆ ದಂಡ ಇಳಿಯುವುದಿಲ್ಲ. ಫೋನಿನಲ್ಲಿ ವಿಚಾರಿಸಲು ಜಲಮಂಡಳಿಯ ಸಹಾಯವಾಣಿ 1916.

ಮನೆ ಮಾರುವಾಗಲೋ ಬಾಡಿಗೆಗೆ ಕೊಡುವಾಗಲೋ ಆ ನಕ್ಷೆಯ ಒಂದು ಪ್ರತಿ ಕೊಡಿ. ನಮ್ಮ ಬೀದಿಯಲ್ಲಿ ಒಬ್ಬರು ಹೊಸದಾಗಿ ಮನೆ ಕೊಂಡು, ಗ್ಯಾರೇಜಿನ ಟೈಲ್ಸ್ ಕೆಳಗೆ ಬಾವಿ ಇದೆ ಅಂತಲೇ ತಿಳಿಯದೆ ಎರಡು ವರ್ಷ ಅದರ ಮೇಲೆ ಕಾರು ನಿಲ್ಲಿಸಿದ್ದರು.

ಮಳೆಗಾಲದ ಕೆಲಸ

ಭರಣಿಗೆ ಮೊದಲು ತಾರಸಿ ಗುಡಿಸಿ, ಜಾಲರಿ ತೊಳೆದು, ಫಿಲ್ಟರ್ ಬಿಚ್ಚಿ ನೋಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಫಿಲ್ಟರ್ ತೊಳೆಯಬೇಕು, ಐದು ನಿಮಿಷದ ಕೆಲಸ. ಮೊದಲ ವರ್ಷ ಎಲ್ಲರೂ ತೊಳೆಯುತ್ತಾರೆ, ಎರಡನೇ ವರ್ಷ ಮರೆಯುತ್ತಾರೆ, ಮೂರನೇ ವರ್ಷ ಫಿಲ್ಟರ್ ಸರಿಯಿಲ್ಲ ಅನ್ನುತ್ತಾರೆ. ಬೆಂಗಳೂರಿಗೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಜೋರು, ಹಸ್ತ ಚಿತ್ತೆ ಮುಗಿಯುವವರೆಗೂ ಕೈಬಿಡಬೇಡಿ. ಬಾವಿಯ ಹೂಳು ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಿದರೆ ಸಾಕು. ಸಂಪಾಗಲಿ ಬಾವಿಯಾಗಲಿ, ಮುಚ್ಚಳ ತೆಗೆದು ಚೆನ್ನಾಗಿ ಗಾಳಿಯಾಡುವವರೆಗೂ ಯಾರನ್ನೂ ಒಳಗೆ ಇಳಿಸಬೇಡಿ. ಮೇಲೆ ಇನ್ನೊಬ್ಬರು ಹಗ್ಗ ಹಿಡಿದು ನಿಂತಿರಲೇಬೇಕು.

ನೀರು ತುಂಬಿದ ಡ್ರಮ್, ಟ್ಯಾಂಕ್ ಯಾವುದೂ ಬಾಯಿ ತೆರೆದಿರಬಾರದು. ಡೆಂಗಿ ಸೊಳ್ಳೆಗೆ ಶುದ್ಧ ನೀರೇ ಇಷ್ಟ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗಗಳ ಪಟ್ಟಿಗೆ ಸೇರಿಸಿದ ಮೇಲೆ, ಸೊಳ್ಳೆ ಹುಟ್ಟಲು ಬಿಟ್ಟ ನಗರದ ಮನೆಗೆ 400 ರೂಪಾಯಿ ದಂಡ. ಒಂದು ದಂಡ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದಕ್ಕೆ ಸಿಕ್ಕಿಬೀಳುವುದು ಯಾಕೆ?

ಕುಡಿಯಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಸ್ನಾನ, ಬಟ್ಟೆ, ನೆಲ ಒರೆಸಲು, ಗಿಡಕ್ಕೆ ಹಾಗೇ ಬಳಸಿ. ಅಡುಗೆಗೆ, ಕುಡಿಯಲು ಕುದಿಸಿ. ಅನುಮಾನ ಇದ್ದರೆ 'ಎಚ್ ಟು ಎಸ್' ಪರೀಕ್ಷೆಯ ಚಿಕ್ಕ ಬಾಟಲಿ ಸಿಗುತ್ತದೆ. ಅದರಲ್ಲಿ ಗುರುತಿನವರೆಗೆ ನೀರು ತುಂಬಿಸಿ ಒಂದೆರಡು ದಿನ ಇಡಿ, ಕಪ್ಪಾದರೆ ನೀರಿನಲ್ಲಿ ಕೊಳಕು ಸೇರಿದೆ ಅಂತ. ಮಳೆನೀರಿಗೆ ಆರ್.ಒ. ಮೆಷಿನ್ ಹಾಕಬೇಡಿ. ಲವಣವೇ ಇಲ್ಲದ ನೀರಿನಿಂದ ಅದು ತೆಗೆಯುವುದೇನು, ಅರ್ಧ ನೀರು ಚೆಲ್ಲುವುದು ಬಿಟ್ಟು?

ಎಲ್ಲ ಮುಗಿದ ಮೇಲೆ ಇನ್ನೊಂದು ಬಕೆಟ್ ಓಕುಳಿ ಮಾಡಿ. ಈ ಸಲ ಬುಡದ ವಾಲ್ವ್ ತೆರೆದೇ ಇರಲಿ, ಕೆಂಪು ನೀರು ಪಾತಿಗೆ ಬರಬೇಕು. ಆಮೇಲೆ ವಾಲ್ವ್ ಮುಚ್ಚಿ, ಬರೀ ನೀರು ಸುರಿದು, ಸಂಪಿನ ಬಾಯಲ್ಲಿ ಕಿವಿಯಿಟ್ಟು ಕೇಳಿ. ಕೊನೆಗೆ ಯುಜಿಡಿ ಚೇಂಬರಿನ ಮುಚ್ಚಳ ಎತ್ತಿ ನೋಡಿ. ಅಲ್ಲಿ ಒಂದು ಹನಿ ಕೆಂಪೂ ಕಾಣಬಾರದು. ನಮ್ಮಲ್ಲಿ ಎರಡನೇ ಪೈಪಿನದು ಕಂಡಿತು. ಪ್ಲಂಬರಿಗೆ ಮತ್ತೆ ಫೋನ್ ಮಾಡಿದೆವು.